ಮಡಕೆಯೊಳಗಿನ ಹಾಡು

ಕ್ಯಾಸೆಟ್ಟುಗಳು ಊರೂರು ತಲುಪಿದ ಎಂಬತ್ತರ ದಶಕದಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆಯ ಟೀ ಅಂಗಡಿಗಳಲ್ಲೂ ಸೈಕಲ್ ಶಾಪುಗಳಲ್ಲೂ ಎಷ್ಟೋ ಸ್ಪೀಕರುಗಳಿಗೆ ಮರದ ಪೆಟ್ಟಿಗೆಯೇ ಇರಲಿಲ್ಲ. ಸಂತೆಯಲ್ಲಿ ಕೊಂಡ ಮಣ್ಣಿನ ಮಡಕೆಯ ಬಾಯಿಗೆ ಆರಿಂಚಿನ ಸ್ಪೀಕರನ್ನು ಅಂಗಾತ ಕೂರಿಸಿ, ಅಂಚಿಗೆ ಎಂ-ಸೀಲ್ ಮೆತ್ತಿ, ಪಕ್ಕದಲ್ಲಿ ಹುಷಾರಾಗಿ ಕೊರೆದ ತೂತಿನಿಂದ ವೈರು ಹೊರಗೆಳೆದರೆ ಕೆಲಸ ಮುಗಿಯಿತು. ಮಡಕೆ ಉರುಳದ ಹಾಗೆ ಕೆಳಗೊಂದು ಸಿಂಬಿ. ಅಸೆಂಬಲ್ ಮಾಡಿಸಿದ ಆಂಪ್ಲಿಫೈಯರಿನ ಸ್ವಿಚ್ಚು ಒತ್ತಿದರೆ ಹಾಡು ಮೊದಲು ಹೆಂಚಿಗೆ ಬಡಿದು, ಅಲ್ಲಿಂದ ಇಡೀ ಅಂಗಡಿಗೆ ಇಳಿಯುತ್ತಿತ್ತು.

ಮಡಕೆ ಬಡತನದ ಉಪಾಯವಷ್ಟೇ ಆಗಿರಲಿಲ್ಲ. ಬರಿಯ ಸ್ಪೀಕರಿನ ಕಾಗದದ ಕೋನು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಗಾಳಿ ಎಳೆಯುತ್ತದೆ. ಹಿಂದಿನ ಸದ್ದು ಸುತ್ತಿಬಂದು ಮುಂದಿನ ಸದ್ದನ್ನು ಅಳಿಸಿಬಿಡುತ್ತದೆ. ಮೊದಲು ಸಾಯುವುದು ಬೇಸು. ಹಿಂದಿನ ಸದ್ದನ್ನು ಬಂಧಿಸಿಡಲು ಗಟ್ಟಿಯಾದ, ತಾನು ನಡುಗದ ಪಾತ್ರೆ ಬೇಕು. ಸುಟ್ಟ ಮಣ್ಣು ಗಟ್ಟಿ, ಮಡಕೆ ದುಂಡು, ಒಳಗೆ ಸದ್ದು ಎದುರುಬದುರು ಬಡಿದಾಡುವುದಕ್ಕೆ ಸಮಗೋಡೆಗಳಿಲ್ಲ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ಸ್ಪ್ರಿಂಗಿನಂತೆ ಕೋನನ್ನು ಹಿಡಿಯುವ ಎಆರ್-1 ಸ್ಪೀಕರನ್ನು ಮಾಡಿದರು. ಬೇಸು ಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯೇ ಬೇಕೆಂಬ ನಂಬಿಕೆ ಅಲ್ಲಿಂದ ಸಡಿಲವಾಯಿತು. ನಮ್ಮ ರೇಡಿಯೊ ರಿಪೇರಿಯವರು ಅದೇ ಗಾಳಿಯನ್ನು ಕುಂಬಾರನ ಮಡಕೆಯಲ್ಲಿ ಹಿಡಿದರು, ಬರೀ ಕಿವಿಯ ಅಂದಾಜಿನಲ್ಲಿ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 1974ರ ‘ಭಕ್ತ ಕುಂಬಾರ’ದ ಹಾಡುಗಳು ಅವರ ಊರಿನ ಸೀಮೆಯಲ್ಲಿ ಮಡಕೆಯಿಂದಲೇ ಕೇಳಿಬಂದ ದಿನಗಳವು.

ಸದ್ದಿನ ಪೆಟ್ಟಿಗೆ ಗೂಡಿನಲ್ಲಿರಬೇಕೋ ನೆಲದ ಮೇಲೆ ನಿಲ್ಲಬೇಕೋ ಎಂಬ ಪ್ರಶ್ನೆ ಮಡಕೆಗಿಂತ ಹಳೆಯದು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಿಂದ, 30 ವಾಟಿನ ಪ್ರೇಷಕದಲ್ಲಿ, ‘ಆಕಾಶವಾಣಿ’ಯನ್ನು ಶುರುಮಾಡಿದ ಕಾಲಕ್ಕೆ ರೇಡಿಯೊ ಎಂದರೆ ಪೀಠೋಪಕರಣ. ಉಳ್ಳವರ ಮನೆಗೆ ಬಂದ ರೇಡಿಯೊಗ್ರಾಂ ನಾಲ್ಕು ಕಾಲಿನ ಮೇಲೆ ಬೀರುವಿನಂತೆ ನೆಲದಲ್ಲೇ ನಿಲ್ಲುತ್ತಿತ್ತು. ಉಳಿದವರ ವಾಲ್ವ್ ಸೆಟ್ಟಿಗೆ ಗೋಡೆಗೆ ಹೊಡೆದ ಸ್ಟ್ಯಾಂಡು, ಮೇಲೆ ಕಸೂತಿ ಹಾಕಿದ ಬಟ್ಟೆ, ಸೂರಿನಿಂದ ಸೂರಿಗೆ ಕಟ್ಟಿದ ತಾಮ್ರದ ಬಲೆಯ ಏರಿಯಲ್ಲು. ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸಿಗೆ ಹಣ ಕಟ್ಟಬೇಕಿತ್ತು. ಗುಂಡಿ ತಿರುಗಿಸಿ ವಾಲ್ವು ಕಾಯುವವರೆಗೂ ಮನೆಮಂದಿಯೆಲ್ಲ ಸುಮ್ಮನೆ ಕಾದಿರುತ್ತಿದ್ದರು.

ಅರಮನೆಯ ಮಾತು ಬೇರೆ. ಜಯಚಾಮರಾಜ ಒಡೆಯರ್ ಧ್ವನಿಮುದ್ರಿಕೆಗಳ ದೊಡ್ಡ ಭಂಡಾರವನ್ನೇ ಕೂಡಿಸಿದ್ದರು. ರಷ್ಯದ ಸಂಗೀತ ಸಂಯೋಜಕ ಮೆಡ್ನರ್ ಇಂಗ್ಲೆಂಡಿನಲ್ಲಿ ಮರೆತುಹೋದವರಂತೆ ಬದುಕಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಮೈಸೂರಿನ ಈ ಮಹಾರಾಜರೇ. ಅದಕ್ಕಾಗಿ ಹುಟ್ಟಿದ ಮೆಡ್ನರ್ ಸೊಸೈಟಿಯ ತಟ್ಟೆಗಳನ್ನು ಎಚ್‌ಎಂವಿ ಹೊರತಂದಿತು. ಲಂಡನ್ನಿನಿಂದ ಅರಮನೆಗೆ ಬಂದ ನಿರ್ಮಾಪಕ ವಾಲ್ಟರ್ ಲೆಗ್ ಅಲ್ಲಿ ತಟ್ಟೆಗಳ ಜೊತೆಗೆ ಬಗೆಬಗೆಯ ಧ್ವನಿವರ್ಧಕಗಳನ್ನೂ ಕಂಡರು. ಯಾವ ಸ್ಪೀಕರು ಯಾವ ಸಂಗೀತಕ್ಕೆ ಎಂದು ಹೋಲಿಸಿ ಕೇಳುವ ಅನುಕೂಲ ಆಗ ಅಂಥ ಮನೆಗಷ್ಟೇ ಇತ್ತು.

ಹಳ್ಳಿಗೆ ಆಯ್ಕೆ ತಂದುಕೊಟ್ಟದ್ದು ಮೊದಲು ಟ್ರಾನ್ಸಿಸ್ಟರು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯಲ್ಲಿ ತಂಬಾಕು ಬೆಳೆಯುವವರಿಗೆ ಎಲೆ ಬೇಯಿಸುವ ಕಾಲದಲ್ಲಿ ಐದಾರು ದಿನ ಹಗಲೂ ರಾತ್ರಿ ಬ್ಯಾರನ್ನಿನ ಬೆಂಕಿ ಕಾಯುವುದೇ ಕೆಲಸ. ಸೌದೆ ನೂಕುತ್ತ ಕೂತವನ ಪಕ್ಕದಲ್ಲಿ ಅಂಗೈಯಗಲದ ಸ್ಪೀಕರಿನ ರೇಡಿಯೊ ಇದ್ದರೆ ನಿದ್ದೆ ಹತ್ತಿರ ಸುಳಿಯದು. ಆಮೇಲೆ ಟೇಪ್‌ರೆಕಾರ್ಡರು ಬಂತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದಮೇಲೆ ಭಾವಗೀತೆಗಳು ಮನೆಯ ಗೂಡಿಗೇ ಬಂದು ಕೂತವು. ಕವಿತೆಯ ಒಂದೊಂದು ಅಕ್ಷರವೂ ಕೇಳಬೇಕಾದ ಆ ಹಾಡುಗಳಿಗೆ ಗೂಡಿನಲ್ಲಿ ಹಿಡಿಸುವ ಪೆಟ್ಟಿಗೆಯೇ ಧಾರಾಳವಾಗಿ ಸಾಕಿತ್ತು.

ಆ ಹೊತ್ತಿಗೆ ಮನೆಗಳೇ ಬದಲಾಗತೊಡಗಿದ್ದವು. ಕೃಷ್ಣರಾಜನಗರ, ಸಾಲಿಗ್ರಾಮದ ಕಡೆಯ ಹಳೆಯ ತೊಟ್ಟಿ ಮನೆಯಲ್ಲಿ ನಡುವೆ ಆಕಾಶ, ಸುತ್ತ ಮರದ ಕಂಬ, ದಪ್ಪ ಮಣ್ಣಿನ ಗೋಡೆ, ಮೂಲೆಯಲ್ಲಿ ಭತ್ತದ ಮೂಟೆ. ಎಷ್ಟು ದೊಡ್ಡ ಸದ್ದನ್ನಾದರೂ ಆ ಮನೆ ಅರಗಿಸಿಕೊಳ್ಳುತ್ತದೆ. ಹೆಚ್ಚಾದದ್ದು ತೊಟ್ಟಿಯಿಂದ ಮೇಲೆ ಹೋಗುತ್ತದೆ. ತಂಬಾಕು, ಭತ್ತದ ದುಡ್ಡಿನಲ್ಲಿ ಎದ್ದ ಆರ್‌ಸಿಸಿ ಮನೆಯ ಹಾಲು ಹಾಗಲ್ಲ. ಸೆಕೆಂಡಿಗೆ ಸುಮಾರು 1,130 ಅಡಿ ಓಡುವ ಸದ್ದು, 12 ಅಡಿ ದೂರದ ಎರಡು ಸಿಮೆಂಟು ಗೋಡೆಗಳ ನಡುವೆ ಸೆಕೆಂಡಿಗೆ 47 ಸಲ ಹೋಗಿಬರುತ್ತದೆ. ಸೆಕೆಂಡಿಗೆ 47ರಂತೆ ಕಂಪಿಸುವ ಬೇಸು ಹೊರಟರೆ ಅದೊಂದೇ ಸ್ವರ ಕೋಣೆಯಲ್ಲಿ ಊದಿಕೊಂಡು ಉಳಿದದ್ದನ್ನೆಲ್ಲ ಮುಚ್ಚುತ್ತದೆ. ಅದೇ ಕೋಣೆಯನ್ನು 10 ಅಡಿಯ ಕಡೆಗೆ ಅಳೆದರೆ ಊದುವ ಸ್ವರ 56ರದು. 40ರವರೆಗೂ ಇಳಿಯಬಲ್ಲ, ನೆಲದ ಮೇಲೆ ಎದೆಯೆತ್ತರ ನಿಲ್ಲುವ ಟವರ್ ಸ್ಪೀಕರುಗಳು ಈ ಎರಡನ್ನೂ ಕೆಣಕುತ್ತವೆ. ಟಿವಿಯ ಎರಡೂ ಕಡೆ ಮೂಲೆಗೆ ಒತ್ತಿ ಇಟ್ಟರಂತೂ ಮೃದಂಗದ ಎಡಗಡೆ ಬರೀ ಗುಂಯ್‌ಗುಡುತ್ತದೆ.

ಬಿಬಿಸಿಯ ಎಂಜಿನಿಯರುಗಳು ಇಕ್ಕಟ್ಟಿನ ಸಮಸ್ಯೆಯನ್ನು ಎಪ್ಪತ್ತರ ದಶಕದಲ್ಲೇ ಎದುರಿಸಿದ್ದರು. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಮಾತಿನ, ಹಾಡಿನ ಗುಣವನ್ನು ಅಳೆಯಲು ಅವರು ರೂಪಿಸಿದ ಎಲ್‌ಎಸ್3/5ಎ ಮಾನಿಟರಿನ ಎತ್ತರ ಒಂದಡಿ, ಅಗಲ ಏಳೂವರೆ ಇಂಚು. ಕಂಪನ 80ರ ಸುಮಾರಿಗೇ ಅದರ ಬೇಸು ಇಳಿಯತೊಡಗುತ್ತದೆ. ಆದರೆ ಮನುಷ್ಯನ ದನಿ ಅದರಲ್ಲಿ ಎದುರಿಗೆ ಕೂತು ಮಾತಾಡಿದಷ್ಟು ನಿಚ್ಚಳ. ಇಂದಿನ ಪುಟ್ಟ ಮಾನಿಟರುಗಳಲ್ಲಿ ಎಷ್ಟೋ ಅದರ ವಂಶದವು. ನಮ್ಮ ಹತ್ತು ಹನ್ನೆರಡಡಿಯ ಕೋಣೆಗೆ, ಪಿಟೀಲು, ವೀಣೆ, ಸುಗಮ ಸಂಗೀತ ಕೇಳುವವರಿಗೆ ಒಪ್ಪುವುದು ಇಂಥದೇ. ಕಿವಿಯ ಎತ್ತರದ ಸ್ಟ್ಯಾಂಡಿನ ಮೇಲೆ, ಗೋಡೆಯಿಂದ ಒಂದೆರಡು ಅಡಿ ಈಚೆಗೆ ಇಟ್ಟು. ಸ್ಟ್ಯಾಂಡು ಲೆಕ್ಕ ಹಿಡಿದರೆ ನೆಲದಲ್ಲಿ ಜಾಗವೇನೂ ಉಳಿಯದು, ನಿಜ. ಉಳಿಯುವುದು ಹಾಡಿನ ಸ್ಪಷ್ಟತೆ.

ಚುಂಚನಕಟ್ಟೆ ಜಾತ್ರೆಯ ತಮಟೆ, ನಗಾರಿಯ ಹೊಡೆತ ಎದೆಗೆ ತಾಕಬೇಕು ಎನ್ನುವವರಿಗೆ ಮಾತ್ರ ಪುಟ್ಟ ಪೆಟ್ಟಿಗೆ ಸಾಲದು. ಅಷ್ಟು ಗಾಳಿ ತಳ್ಳಲು ದೊಡ್ಡ ಕೋನು, ದೊಡ್ಡ ಪೆಟ್ಟಿಗೆ ಬೇಕೇ ಬೇಕು, ಅದಕ್ಕೆ ತಕ್ಕ ಮನೆಯೂ ಬೇಕು. ತೊಟ್ಟಿ ಮನೆ ಉಳಿಸಿಕೊಂಡವರು ಟವರ್ ತಂದರೆ ಅದಕ್ಕೆ ಉಸಿರಾಡಲು ಜಾಗವಿದೆ.

ಕಾಡಂಚಿನಲ್ಲಿ ಈಗಲೂ ಬೇರೆ ದಾರಿಯೇ. ಸರಗೂರಿನ ‘ಜನಧ್ವನಿ’ ಸಮುದಾಯ ಬಾನುಲಿ 90.8ರಲ್ಲಿ ಬರುವುದು ಮೊಬೈಲಿನ ಚೂರು ಸ್ಪೀಕರಿಗೂ ಸಾಕಾಗುವ ಮಾತು, ಹಾಡು. ಸದ್ದು ಇನ್ನಷ್ಟು ಬೇಕೆನಿಸಿದಾಗ ಮೊಬೈಲನ್ನು ಸ್ಟೀಲಿನ ಚೊಂಬಿನೊಳಗೆ ಇಳಿಸಿ, ಚೊಂಬನ್ನು ಗೋಡೆಯ ಗೂಡಿನಲ್ಲಿ ಇಡುತ್ತಾರೆ.