ಈಜುಕೊಳಕ್ಕೆ ದಿನಾ ಕ್ಲೋರಿನ್ ಮಾತ್ರೆ ಹಾಕಿದರೆ ಸಾಕೇ? ಸ್ಟೆಬಿಲೈಸರ್ ಲೆಕ್ಕ ಹೀಗಿದೆ

ಬೇಸಿಗೆ ರಜೆ ಬಂತೆಂದರೆ ಅಪಾರ್ಟ್‌ಮೆಂಟ್, ರೆಸಾರ್ಟ್, ಹೋಮ್‌ಸ್ಟೇಗಳ ಈಜುಕೊಳಗಳಲ್ಲಿ ಮಕ್ಕಳದ್ದೇ ಗದ್ದಲ. "ದಿನಾ ಕ್ಲೋರಿನ್ ಮಾತ್ರೆ ಹಾಕುತ್ತಿದ್ದರೆ ಸಾಕು, ನೀರು ಬದಲಿಸುವುದೇ ಬೇಡ" ಎಂದು ಹಲವರು ನಂಬಿದ್ದಾರೆ. ಇದು ಅರ್ಧ ಸತ್ಯ ಮಾತ್ರ. ಬಿಸಿಲಿಗೆ ತೆರೆದಿರುವ ಕೊಳದಲ್ಲಿ ಕ್ಲೋರಿನ್ ಜೊತೆಗೆ ಸ್ಟೆಬಿಲೈಸರ್ ಎಷ್ಟಿದೆ ಎಂಬುದನ್ನೂ ನೋಡಬೇಕು.

ಸ್ಟೆಬಿಲೈಸರ್ ಎಂದರೇನು?

ಇದರ ರಾಸಾಯನಿಕ ಹೆಸರು ಸಯನ್ಯೂರಿಕ್ ಆಸಿಡ್. ಸೂರ್ಯನ ನೇರಳಾತೀತ ಕಿರಣಗಳು ನೀರಿನಲ್ಲಿರುವ ಕ್ಲೋರಿನ್ ಅನ್ನು ಒಡೆಯುತ್ತವೆ. ಸ್ಟೆಬಿಲೈಸರ್ ಇಲ್ಲದ ಕೊಳದಲ್ಲಿ ಕಡು ಬಿಸಿಲಿದ್ದರೆ ಒಂದು ಗಂಟೆಯೊಳಗೇ ಅರ್ಧದಷ್ಟು ಕ್ಲೋರಿನ್ ಖಾಲಿಯಾಗಬಹುದು. ಸಯನ್ಯೂರಿಕ್ ಆಸಿಡ್ ಕ್ಲೋರಿನ್ ಅನ್ನು ಸಡಿಲವಾಗಿ ಹಿಡಿದಿಟ್ಟುಕೊಂಡು ಬಿಸಿಲಿನಿಂದ ಕಾಪಾಡುತ್ತದೆ. ಇದಕ್ಕೆ 30ರಿಂದ 50 ಪಿಪಿಎಂ ಸಾಕು. ಒಂದು ಲಕ್ಷ ಲೀಟರ್ ಕೊಳದಲ್ಲಿ 30 ಪಿಪಿಎಂ ಎಂದರೆ 3 ಕೆ.ಜಿ.

ಹೆಚ್ಚಾದರೆ ಏನು ತೊಂದರೆ?

ಹಿಡಿದಿಟ್ಟ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುವುದಿಲ್ಲ, ಬಿಡುಗಡೆಯಾದ ಅಲ್ಪ ಭಾಗವಷ್ಟೇ ಆ ಕೆಲಸ ಮಾಡುತ್ತದೆ. ಸ್ಟೆಬಿಲೈಸರ್ 30ರಿಂದ 100 ಪಿಪಿಎಂಗೆ ಏರಿದರೆ, ಅದೇ 2 ಪಿಪಿಎಂ ಕ್ಲೋರಿನ್‌ನ ಶಕ್ತಿ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಟೆಸ್ಟ್ ಕಿಟ್ ಮಾತ್ರ "ಕ್ಲೋರಿನ್ ಸರಿಯಾಗಿದೆ" ಎಂದೇ ತೋರಿಸುತ್ತದೆ! ಪಾಚಿ ಕಟ್ಟುವುದು, ಭೇದಿ ಹರಡುವ ರೋಗಾಣುಗಳು ಹೆಚ್ಚು ಹೊತ್ತು ಬದುಕುವುದು ಇದರ ಫಲ. ಕೊಳದ ನೀರು ನುಂಗುವ ಪುಟ್ಟ ಮಕ್ಕಳಿಗೆ ಅಪಾಯ ಹೆಚ್ಚು.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಈಜುಕೊಳದಲ್ಲಿ ಕನಿಷ್ಠ 1 ಪಿಪಿಎಂ ಕ್ಲೋರಿನ್ ಇರಬೇಕು ಎನ್ನುತ್ತದೆ. ಸ್ಟೆಬಿಲೈಸರ್ ಬಳಸಿದ್ದರೆ ಕನಿಷ್ಠ 2 ಪಿಪಿಎಂ ಬೇಕು. ಪಿಎಚ್ 7.0ರಿಂದ 7.8ರೊಳಗೆ ಇರಬೇಕು.

ನಾವು ಸ್ಟೆಬಿಲೈಸರ್ ಹಾಕಿಯೇ ಇಲ್ಲವಲ್ಲ?

ಟಿಸಿಸಿಎ ಎಂದು ಬರೆದಿರುವ ಕ್ಲೋರಿನ್ ಮಾತ್ರೆಯೊಳಗೇ ಅದು ಇರುತ್ತದೆ. ಈ ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಸೇರಿದರೆ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಸಿಡ್ ಕೂಡ ಸೇರುತ್ತದೆ. ದಿನಕ್ಕೆ 2 ಪಿಪಿಎಂ ಲೆಕ್ಕದಲ್ಲಿ ಹಾಕಿದರೆ ತಿಂಗಳಿಗೆ 36, ಮೂರು ತಿಂಗಳಿಗೆ 100 ದಾಟುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಸ್ಟೆಬಿಲೈಸರ್ ಉಳಿಯುತ್ತದೆ. ನೀರು ಆವಿಯಾದರೂ ಅದು ಹೋಗುವುದಿಲ್ಲ.

ಏನು ಮಾಡಬೇಕು?

• ತಿಂಗಳಿಗೊಮ್ಮೆಯಾದರೂ ಸಯನ್ಯೂರಿಕ್ ಆಸಿಡ್ ಪರೀಕ್ಷಿಸಿ. ಕ್ಲೋರಿನ್, ಪಿಎಚ್ ಮಾತ್ರ ತೋರಿಸುವ ಕಿಟ್ ಇದಕ್ಕೆ ಸಾಲದು.

• 100 ಪಿಪಿಎಂ ಇದ್ದರೆ ಅರ್ಧ ನೀರು ತೆಗೆದು ಹೊಸ ನೀರು ತುಂಬಿಸಿ, 50ಕ್ಕೆ ಇಳಿಯುತ್ತದೆ.

• ಮಟ್ಟ 50 ತಲುಪಿದ ಮೇಲೆ ಮಾತ್ರೆ ನಿಲ್ಲಿಸಿ, ಲಿಕ್ವಿಡ್ ಕ್ಲೋರಿನ್ ಬಳಸಿ. ಅದರಲ್ಲಿ ಸ್ಟೆಬಿಲೈಸರ್ ಇರುವುದಿಲ್ಲ.

• ಬಿಸಿಲು ಬೀಳದ ಒಳಾಂಗಣ ಕೊಳಕ್ಕೆ ಸ್ಟೆಬಿಲೈಸರ್ ಬೇಕಿಲ್ಲ.

ಎಚ್ಚರಿಕೆ: ಟಿಸಿಸಿಎ ಮಾತ್ರೆಯನ್ನು ಬ್ಲೀಚಿಂಗ್ ಪೌಡರ್ ಅಥವಾ ಲಿಕ್ವಿಡ್ ಕ್ಲೋರಿನ್ ಜೊತೆ ಒಂದೇ ಬಕೆಟ್‌ನಲ್ಲಿ ಎಂದಿಗೂ ಬೆರೆಸಬೇಡಿ. ವಿಷಾನಿಲ ಹೊರಬರಬಹುದು, ಬೆಂಕಿ ಹೊತ್ತಿಕೊಂಡು ಸ್ಫೋಟವೂ ಆಗಬಹುದು. ಎರಡಕ್ಕೂ ಒಂದೇ ಅಳತೆ ಲೋಟ ಬೇಡ.

ಕ್ಲೋರಿನ್ ವಾಸನೆ ಜೋರಾಗಿದ್ದರೆ ನೀರು ಶುದ್ಧವೇ?

ಅಲ್ಲ. ಆ ಘಾಟು ಕ್ಲೋರಿನ್ ಬೆವರು, ಮೂತ್ರದೊಂದಿಗೆ ಸೇರಿ ಉಂಟಾಗುವ ಕ್ಲೋರಮೈನ್‌ನದ್ದು. ಕಣ್ಣು ಉರಿಯುವುದಕ್ಕೂ ಮುಖ್ಯವಾಗಿ ಅದೇ ಕಾರಣ.

ನಿಜಾಂಶ: ಮಾತ್ರೆ ಹಾಕಿದ ಮಾತ್ರಕ್ಕೆ ಕೊಳ ಸುರಕ್ಷಿತವಲ್ಲ. ಮಕ್ಕಳನ್ನು ನೀರಿಗಿಳಿಸುವ ಮೊದಲು ಕೊಳ ನೋಡಿಕೊಳ್ಳುವವರ ಬಳಿ ಕ್ಲೋರಿನ್, ಪಿಎಚ್, ಸ್ಟೆಬಿಲೈಸರ್ ಮೂರರ ರೀಡಿಂಗ್ ಕೇಳಿ.