ನಕ್ಷತ್ರ ಮಂಕಾದ ರಾತ್ರಿ

ಮಳೆಗಾಲದಲ್ಲಿ ನಮ್ಮ ಚುಂಚನಕಟ್ಟೆಯ ಕಾವೇರಿ ತುಂಬಿ ಬಂದಾಗ ಬಂಡೆಗಳು ಕಣ್ಣಿಗೆ ಬೀಳುವುದಿಲ್ಲ. ಆದರೂ ನೀರು ಸೀಳಿಕೊಂಡು ಹರಿಯುವ ಕಡೆ ಕೆಳಗೆ ಕಲ್ಲಿದೆ ಎಂದು ಇಲ್ಲಿಯವರಿಗೆ ಗೊತ್ತು. ಕಾಣದ್ದನ್ನು ಅದು ಒಡ್ಡುವ ತಡೆಯಿಂದಲೇ ತಿಳಿಯುವುದು ಆಕಾಶದಲ್ಲೂ ಉಂಟು. ಯುರೇನಸ್ ಗ್ರಹಕ್ಕೆ ಉಂಗುರಗಳಿವೆ ಎಂದು ಲೋಕಕ್ಕೆ ತಿಳಿದದ್ದು ಹೀಗೆಯೇ. ಆ ಕಥೆಯಲ್ಲಿ ಬೆಂಗಳೂರಿನ ಒಂದು ಸಂಸ್ಥೆಗೂ ಪಾಲಿದೆ. ನಾವು ಅದನ್ನು ಅಷ್ಟಾಗಿ ನೆನೆಯುವುದಿಲ್ಲವೆಂದೇ ಇಲ್ಲಿ ಬರೆಯುತ್ತಿದ್ದೇನೆ.

ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ತಮಿಳುನಾಡಿನ ಕಾವಲೂರಿನಲ್ಲಿ, ಜವಾದಿ ಬೆಟ್ಟಗಳ ನಡುವೆ, ಒಂದು ವೀಕ್ಷಣಾಲಯವಿದೆ. ಅದನ್ನು ಕಟ್ಟಿ ಬೆಳೆಸಿದವರು ವೈನು ಬಾಪು. 1972ರಲ್ಲಿ ಅಲ್ಲಿಗೆ ಒಂದು ಮೀಟರ್ ಅಗಲದ ಕನ್ನಡಿಯ ದೂರದರ್ಶಕ ಬಂತು. ಅದೇ ವರ್ಷದ ಜೂನ್ 7ರಂದು ಗುರುವಿನ ಉಪಗ್ರಹ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದಾಗ ಆ ಬೆಳಕು ಕುಗ್ಗಿದ್ದನ್ನು ಅದರಲ್ಲಿ ಅಳೆದರು. ದೀಪದ ಮುಂದೆ ಯಾರೋ ಹಾದುಹೋದರೆ ಒಳಮನೆಯಲ್ಲಿ ಕುಳಿತವಳಿಗೆ ತಿಳಿಯುವುದಿಲ್ಲವೇ? ಅದೇ ಲೆಕ್ಕ.

1977ರ ಮಾರ್ಚ್ 10ರ ರಾತ್ರಿ ಯುರೇನಸ್ಸಿನ ಸರದಿ. ಗ್ರಹ ಒಂದು ನಕ್ಷತ್ರದ ಬಳಿ ಸಾಗಲಿತ್ತು. ಕಾವಲೂರಿನಲ್ಲಿ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಕಾದು ಕುಳಿತರು. ನಕ್ಷತ್ರ ಕೆಲವು ಸೆಕೆಂಡು ಮಂಕಾಗಿ ಮತ್ತೆ ಬೆಳಗಿತು. ಗ್ರಹವಂತೂ ಅಡ್ಡ ಬಂದಿರಲಿಲ್ಲ. ಹಾಗಾದರೆ ಬಂದದ್ದು ಯಾರು? ಹೊಸ ಉಪಗ್ರಹವೊಂದಿರಬೇಕೆಂದು ಅವರಿಬ್ಬರೂ 'ನೇಚರ್' ಪತ್ರಿಕೆಗೆ ಬರೆದರು. ಒಂದು ಸಲದ ಮಂಕಿಗೆ ಅದು ಸಹಜವಾದ ಅರ್ಥವೇ.

ಅದೇ ರಾತ್ರಿ ದಕ್ಷಿಣದ ಹಿಂದೂ ಮಹಾಸಾಗರದ ಮೇಲೆ ಅಮೆರಿಕದ ಒಂದು ವಿಮಾನ ದೂರದರ್ಶಕ ಹೊತ್ತು ಹಾರುತ್ತಿತ್ತು. ಅದರಲ್ಲಿದ್ದ ಜೇಮ್ಸ್ ಎಲಿಯಟ್, ಎಡ್ವರ್ಡ್ ಡನ್‌ಹ್ಯಾಮ್ ಮತ್ತು ಜೆಸ್ಸಿಕಾ ಮಿಂಕ್ ನಕ್ಷತ್ರ ಗ್ರಹದ ಹಿಂದೆ ಅಡಗುವ ಮುಂಚೆ ಐದು ಸಲ, ಹೊರಬಂದ ಮೇಲೆ ಮತ್ತೆ ಐದು ಸಲ ಮಂಕಾದುದನ್ನು ಕಂಡರು. ಎರಡು ಬದಿಯಲ್ಲೂ ಒಂದೇ ದೂರದಲ್ಲಿ! ಉಪಗ್ರಹಗಳು ಹೀಗೆ ಜೋಡಿಯಾಗಿ ನಿಲ್ಲುತ್ತವೆಯೇ? ಹಾಗೆ ಸುತ್ತಲೂ ಹಬ್ಬಿರುವುದು ಉಂಗುರವೊಂದೇ. ಕಾವಲೂರು ಕಂಡ ನೆರಳೂ ಅದರದೇ ಎಂದಾಯಿತು. ಇದ್ದಿಲಿನಷ್ಟು ಕಪ್ಪಾದ, ಬಲು ಕಿರಿದಾದ ಆ ಉಂಗುರಗಳನ್ನು ಭೂಮಿಯಿಂದ ಅದುವರೆಗೆ ಯಾರೂ ಕಂಡಿರಲಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸುತ್ತದೆ. ವಾಯೇಜರ್ 2 ನೌಕೆ ಭೂಮಿ ಬಿಟ್ಟದ್ದು 1977ರ ಆಗಸ್ಟ್ 20ರಂದು, ಉಂಗುರಗಳ ಸುದ್ದಿ ಬಂದು ಕೆಲವೇ ತಿಂಗಳ ಮೇಲೆ. ಅದು ಯುರೇನಸ್ ತಲುಪಿದ್ದು 1986ರ ಜನವರಿ 24ರಂದು. ಅಲ್ಲಿಂದ ಬಂದ ಸಂದೇಶ ನಮ್ಮನ್ನು ಮುಟ್ಟಲು ಎರಡೂಮುಕ್ಕಾಲು ಗಂಟೆ ಹಿಡಿಯಿತು. ಉಂಗುರಗಳ ಚಿತ್ರ ಬಂತು, ಹೊಸದಾಗಿ ಎರಡು ಉಂಗುರಗಳೂ ಸಿಕ್ಕವು. ಯುರೇನಸ್ ನೋಡಿಬಂದ ನೌಕೆ ಇಂದಿಗೂ ಅದೊಂದೇ.

ಶೋಧದ ಹೆಸರು ವಿಮಾನದವರಿಗೆ ಹೋಯಿತು, ಅದು ನ್ಯಾಯವೇ. ಆದರೆ ಒಂದೇ ರಾತ್ರಿ, ಒಂದೇ ನಕ್ಷತ್ರವನ್ನು ಹಲವು ಕಡೆಗಳಿಂದ ಹಲವರು ನೋಡಿದ್ದರಿಂದ ಆ ಅರ್ಥ ಗಟ್ಟಿಯಾಯಿತು. ಒಬ್ಬರ ಕಣ್ಣಿಗೆ ಚುಕ್ಕಿಯಾಗಿ ಕಂಡದ್ದು ಎಲ್ಲರ ಲೆಕ್ಕ ಸೇರಿದಾಗ ಉಂಗುರವಾಯಿತು. ಕಾವಲೂರಿನ ಆ ಮಂಕು ಬೆಳಕಿನ ಗೀರು ಇಲ್ಲದಿದ್ದರೆ ಆ ಲೆಕ್ಕದಲ್ಲಿ ಒಂದು ಸಾಕ್ಷಿ ಕಡಿಮೆಯಾಗುತ್ತಿತ್ತು.