ಹಾರ್ಡ್ ಡಿಸ್ಕ್ ಮುಟ್ಟದೆ ಆನ್‌ಲೈನ್ ಆಟ: ಲಿನಕ್ಸ್ ಲೈವ್ ಡಿಸ್ಕ್ ತಯಾರಿಸುವುದು ಹೇಗೆ?

ಮನೆಯಲ್ಲಿರುವುದು ಒಂದೇ ಗಣಕ. ಅಪ್ಪನ ಬ್ಯಾಂಕ್ ವ್ಯವಹಾರ, ಅಮ್ಮ ಜೋಪಾನವಾಗಿಟ್ಟ ಮದುವೆಯ ಛಾಯಾಚಿತ್ರಗಳು, ಮಗಳ ಪ್ರಾಜೆಕ್ಟ್ ವರದಿ ಎಲ್ಲವೂ ಅದರಲ್ಲಿಯೇ. ಅಂಥ ಯಂತ್ರಕ್ಕೆ ಆಟದ ತಂತ್ರಾಂಶಗಳನ್ನೂ, ಅವುಗಳ ಬೆನ್ನಿಗೇ ಬರುವ ಗುರುತುಪರಿಚಯವಿಲ್ಲದ ‘ಪ್ಯಾಚ್’ಗಳನ್ನೂ ತುಂಬಲು ಮನೆಯವರು ಒಪ್ಪುವುದಿಲ್ಲ, ಒಪ್ಪದಿರುವುದೇ ಸರಿ. ಇದಕ್ಕೆ ಲಿನಕ್ಸ್ ಬಳಕೆದಾರರು ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಕಾರ್ಯಾಚರಣ ವ್ಯವಸ್ಥೆಯನ್ನೂ ಆಟವನ್ನೂ ಒಂದೇ ಡಿ.ವಿ.ಡಿ. ಅಥವಾ ಪೆನ್ ಡ್ರೈವ್‌ಗೆ ತುಂಬಿ, ಗಣಕವನ್ನು ಅದರಿಂದಲೇ ಚಾಲೂ ಮಾಡುವುದು. ಆಟ ಮುಗಿದ ಮೇಲೆ ಅದನ್ನು ಹೊರತೆಗೆದರೆ ವಿಂಡೋಸ್ ಇದ್ದಂತೆಯೇ ಇರುತ್ತದೆ. ಇದೇ ‘ಲೈವ್ ಡಿಸ್ಕ್’.

ಆದರೆ ಆನ್‌ಲೈನ್ ಆಟಕ್ಕೆಂದು ಇದನ್ನು ತಯಾರಿಸುವವರು ಒಂದು ತೊಡಕನ್ನು ಮೊದಲೇ ಅರಿತಿರಬೇಕು. ಡಿಸ್ಕ್ ತಯಾರಾದ ದಿನಕ್ಕೇ ಹೆಪ್ಪುಗಟ್ಟಿದ ವಸ್ತು. ಆನ್‌ಲೈನ್ ಆಟವಾದರೋ ದೂರದ ಸರ್ವರ್ ಬದಲಾದಂತೆಲ್ಲ ತಾನೂ ಬದಲಾಗಬೇಕಾದದ್ದು. ಬದಲಾಗದಿರುವುದು ವೈರಸ್ ವಿರುದ್ಧ ಡಿಸ್ಕ್‌ನ ಶಕ್ತಿ. ಆಟದ ಮಟ್ಟಿಗೆ ಅದೇ ಅದರ ದೌರ್ಬಲ್ಯ.

ಒಳಗೆ ನಡೆಯುವುದೇನು?

ಗಣಕ ಚಾಲೂ ಆದೊಡನೆ ಮದರ್‌ಬೋರ್ಡ್‌ನಲ್ಲಿರುವ ಬಯಾಸ್, ಹೊಸ ಯಂತ್ರಗಳಲ್ಲಾದರೆ ಯು.ಇ.ಎಫ್.ಐ., ಬೂಟ್ ಮಾಡಬಹುದಾದ ಸಾಧನವನ್ನು ಹುಡುಕುತ್ತದೆ. ಸಿ.ಡಿ.ಯಿಂದ ಬೂಟ್ ಆಗುವ ಕ್ರಮವನ್ನು ಫೀನಿಕ್ಸ್ ಮತ್ತು ಐ.ಬಿ.ಎಂ. ಸಂಸ್ಥೆಗಳು 1995ರಲ್ಲಿ ‘ಎಲ್ ಟೊರಿಟೊ’ ಎಂಬ ಹೆಸರಿನಲ್ಲಿ ಪ್ರಕಟಿಸಿದವು. ಡಿಸ್ಕ್‌ನಲ್ಲಿರುವ ಪುಟ್ಟ ಬೂಟ್ ಲೋಡರ್ ಮೊದಲು ಲಿನಕ್ಸ್ ಕರ್ನೆಲ್ಲನ್ನು ಮೆಮೊರಿಗೆ ತರುತ್ತದೆ. ಜೊತೆಗೆ ಬರುವ ತಾತ್ಕಾಲಿಕ ಕಡತ ವ್ಯವಸ್ಥೆ ಡಿಸ್ಕ್ ಎಲ್ಲಿದೆ ಎಂದು ಹುಡುಕಿ, ಅದರೊಳಗಿನ ‘ಸ್ಕ್ವಾಶ್‌ಎಫ್‌ಎಸ್’ ಎಂಬ ಸಂಕುಚಿತ ಕಡತವನ್ನು ತೆರೆಯುತ್ತದೆ. ಇಡೀ ವ್ಯವಸ್ಥೆ ಇರುವುದು ಈ ಒಂದು ಕಡತದಲ್ಲಿ. ಅದನ್ನು ಓದಬಹುದೇ ಹೊರತು ಅದರ ಮೇಲೆ ಬರೆಯಲಾಗದು.

ಹಾಗಿದ್ದರೆ ತಂತ್ರಾಂಶಗಳು ತಮ್ಮ ಕಡತಗಳನ್ನು ಎಲ್ಲಿ ಉಳಿಸುತ್ತವೆ? ಮುದ್ರಿತ ಪುಟದ ಮೇಲೆ ಪಾರದರ್ಶಕ ಹಾಳೆ ಹಾಸಿ ಬರೆದಂತೆ, ಓದಲಷ್ಟೇ ಬರುವ ಪದರದ ಮೇಲೆ ರ‍್ಯಾಮ್‌ನಲ್ಲಿರುವ ಇನ್ನೊಂದು ಪದರವನ್ನು ಹಾಸಲಾಗುತ್ತದೆ. ಮೊದಲು ಯೂನಿಯನ್‌ಎಫ್‌ಎಸ್, ಆಮೇಲೆ ಎ.ಯು.ಎಫ್.ಎಸ್. ಈ ಕೆಲಸ ಮಾಡುತ್ತಿದ್ದವು. 2014ರ ಡಿಸೆಂಬರ್‌ನಲ್ಲಿ ಬಂದ 3.18ನೇ ಕರ್ನೆಲ್‌ನಿಂದ ‘ಓವರ್‌ಲೇಎಫ್‌ಎಸ್’ ಕರ್ನೆಲ್‌ನ ಭಾಗವೇ ಆಯಿತು. ವಿದ್ಯುತ್ ಹೋದರೆ ಮೇಲಿನ ಹಾಳೆ ಮಾಯ. ಕೆಳಗಿನ ಪುಟ ಹಾಗೆಯೇ ಉಳಿಯುತ್ತದೆ.

ಈ ಬಗೆಯ ಡಿಸ್ಕ್ ಮನೆಮಾತಾದದ್ದು ಜರ್ಮನಿಯ ಕ್ಲಾಸ್ ನಾಪರ್ 2000ರಲ್ಲಿ ಹೊರತಂದ ‘ನಾಪಿಕ್ಸ್’ನಿಂದ. 700 ಎಂ.ಬಿ.ಯ ಸಿ.ಡಿ.ಯಲ್ಲಿ ಸುಮಾರು 2 ಜಿ.ಬಿ.ಯಷ್ಟು ತಂತ್ರಾಂಶವನ್ನು ಅವರು ಹಿಡಿಸಿದ್ದರು. ಆಟಕ್ಕೂ ಈ ಉಪಾಯ ಒಗ್ಗುತ್ತದೆಂದು ತೋರಿಸಿದ್ದು ಜೆಂಟೂ ಲಿನಕ್ಸ್ ಬಳಗ. ‘ಅನ್‌ರಿಯಲ್ ಟೂರ್ನಮೆಂಟ್ 2003’ ಆಟದ ಪ್ರದರ್ಶನ ಆವೃತ್ತಿಯನ್ನು ಒಳಗೊಂಡ ಸಿ.ಡಿ.ಯನ್ನು ಅದು 2002ರಲ್ಲಿ ಬಿಡುಗಡೆ ಮಾಡಿತು. ಅದರ ಹಿಂದೆಯೇ, ಅಮೆರಿಕದ ಸೇನೆ ಉಚಿತವಾಗಿ ಹಂಚುತ್ತಿದ್ದ ‘ಅಮೆರಿಕಾಸ್ ಆರ್ಮಿ’ ಆಟದ ಸಿ.ಡಿ.ಯೂ ಬಂದಿತು.

ಯಾವ ಆಟ ಸೂಕ್ತ?

ಎಲ್ಲ ಆಟಗಳೂ ಇದಕ್ಕೆ ಒಗ್ಗುವುದಿಲ್ಲ. ‘ವ್ಯಾಲೊರಂಟ್’ನಂತಹ ಆಟಗಳು ಮೋಸ ತಡೆಯಲು ವಿಂಡೋಸ್‌ನ ಕರ್ನೆಲ್‌ನೊಳಗೇ ತಮ್ಮ ಕಾವಲುಗಾರನನ್ನು ಕೂರಿಸುವುದರಿಂದ ಲಿನಕ್ಸ್‌ನಲ್ಲಿ ತೆರೆದುಕೊಳ್ಳುವುದಿಲ್ಲ. ಮಾರಾಟದ ಆಟಗಳನ್ನು ಡಿಸ್ಕ್‌ಗೆ ತುಂಬಿ ಗೆಳೆಯರಿಗೆ ಹಂಚುವುದು ಕಾನೂನಿಗೆ ವಿರುದ್ಧ. ಇಲ್ಲಿ ಉದಾಹರಣೆಗೆಂದು ಆರಿಸಿಕೊಂಡಿರುವುದು ‘ದಿ ಬ್ಯಾಟಲ್ ಫಾರ್ ವೆಸ್ನಾತ್’. ಡೇವಿಡ್ ವೈಟ್ 2003ರಲ್ಲಿ ಆರಂಭಿಸಿದ, ಷಟ್ಕೋನದ ಮನೆಗಳ ಮೇಲೆ ಸರದಿಯಂತೆ ದಂಡು ನಡೆಸುವ ಆಟ ಇದು. ಜಿ.ಪಿ.ಎಲ್. ಪರವಾನಗಿ ಇರುವುದರಿಂದ ಪ್ರತಿ ಮಾಡಿ ಹಂಚಲು ಅಡ್ಡಿಯಿಲ್ಲ. ಎರಡು ಆಯಾಮದ ಚಿತ್ರಗಳಾದ್ದರಿಂದ ಹಳೆಯ ಗಣಕಕ್ಕೂ ಭಾರವಾಗದು. ಸರದಿಯ ಆಟವಾದ್ದರಿಂದ ನಮ್ಮ ಊರುಗಳ ತೂಕಡಿಸುವ ಅಂತರ್ಜಾಲ ಸಂಪರ್ಕವನ್ನೂ ಸಹಿಸಿಕೊಳ್ಳುತ್ತದೆ. ಇದು ಸಣ್ಣ ಅನುಕೂಲವಲ್ಲ.

ತಯಾರಿಯ ಕ್ರಮ

ಡೆಬಿಯನ್ ಲಿನಕ್ಸ್ ಇರುವ ಒಂದು ಗಣಕ, ಅಥವಾ ವಿಂಡೋಸ್‌ನೊಳಗೆ ವರ್ಚುವಲ್‌ಬಾಕ್ಸ್ ಮೂಲಕ ಅನುಸ್ಥಾಪಿಸಿದ ಡೆಬಿಯನ್, 20 ಜಿ.ಬಿ.ಯಷ್ಟು ಖಾಲಿ ಜಾಗ ಮತ್ತು ಅಂತರ್ಜಾಲ ಸಂಪರ್ಕ ಬೇಕು. ಡೆಬಿಯನ್ ಬಳಗದ ‘ಲೈವ್-ಬಿಲ್ಡ್’ ಎಂಬ ಉಪಕರಣವೇ ಬಹುಪಾಲು ದುಡಿಮೆ ಮಾಡುತ್ತದೆ. ಒಂದು ಖಾಲಿ ಫೋಲ್ಡರ್‌ನಲ್ಲಿ ಅದರ ಕಾನ್ಫಿಗ್ ಆದೇಶ ಕೊಟ್ಟರೆ ಕಡತಗಳ ಚೌಕಟ್ಟು ಸಿದ್ಧವಾಗುತ್ತದೆ. ಡೆಬಿಯನ್‌ನ ಯಾವ ಆವೃತ್ತಿ ಎಂಬುದನ್ನು ಈ ಹಂತದಲ್ಲಿಯೇ ಸ್ಪಷ್ಟವಾಗಿ ಹೆಸರಿಸಬೇಕು. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ರ ಹೆಸರು ‘ಟ್ರಿಕ್ಸಿ’. 32 ಬಿಟ್‌ನ ಹಳೆಯ ಗಣಕಗಳಿಗೆ ಈ ಆವೃತ್ತಿಯಲ್ಲಿ ಅನುಸ್ಥಾಪನೆಯ ಡಿಸ್ಕ್ ಇಲ್ಲ ಎಂಬುದನ್ನು ಗಮನಿಸಬೇಕು.

ಬಳಿಕ ಪ್ಯಾಕೇಜ್ ಪಟ್ಟಿಗಳಿಗೆಂದೇ ಇರುವ ಫೋಲ್ಡರ್‌ನಲ್ಲಿ ಒಂದು ಪಠ್ಯ ಕಡತ ತೆರೆದು ಬೇಕಾದವುಗಳ ಹೆಸರನ್ನು ಬರೆಯಬೇಕು: ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ವೆಸ್ನಾತ್ ಆಟ, ವೈಫೈ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳ ಫರ್ಮ್‌ವೇರ್. ಕನ್ನಡ ಅಕ್ಷರಗಳು ಚೌಕಗಳಾಗಿ ಕಾಣಬಾರದೆಂದಿದ್ದರೆ ಡೆಬಿಯನ್‌ನಲ್ಲಿ ಕನ್ನಡ ಫಾಂಟ್‌ಗಳಿಗೆ ಪ್ರತ್ಯೇಕ ಪ್ಯಾಕೇಜ್ ಇದೆ, ಅದನ್ನೂ ಸೇರಿಸಬಹುದು.

ಫರ್ಮ್‌ವೇರ್ ವಿಷಯದಲ್ಲಿ ಉದಾಸೀನ ಸಲ್ಲದು. ಈ ವರದಿಗಾರ ಮೊದಲ ಬಾರಿ ತಯಾರಿಸಿದ ಡಿಸ್ಕ್ ಸೊಗಸಾಗಿ ಬೂಟ್ ಆಯಿತು, ಆಟವೂ ತೆರೆದುಕೊಂಡಿತು. ವೈಫೈ ಮಾತ್ರ ಇರಲಿಲ್ಲ. ಸಂಪರ್ಕವಿಲ್ಲದ ಆನ್‌ಲೈನ್ ಆಟದ ಮುಂದೆ ಒಂದು ಸಂಜೆ ಕಳೆದದ್ದಾಯಿತು. 2022ರಲ್ಲಿ ನಡೆದ ಮತದಾನದ ನಂತರ ಡೆಬಿಯನ್ ಬಳಗ ಮುಕ್ತವಲ್ಲದ ಫರ್ಮ್‌ವೇರ್‌ಗೆ ಪ್ರತ್ಯೇಕ ವಿಭಾಗ ತೆರೆದು, 2023ರ ಡೆಬಿಯನ್ 12ರಿಂದ ತನ್ನ ಅಧಿಕೃತ ಡಿಸ್ಕ್‌ಗಳಲ್ಲಿಯೇ ಅದನ್ನು ಕೊಡುತ್ತಿದೆ. ಸ್ವಂತ ಡಿಸ್ಕ್ ಕಟ್ಟುವವರು ಆ ವಿಭಾಗವನ್ನು ಕಾನ್ಫಿಗ್‌ನಲ್ಲಿ ಹೆಸರಿಸಿದ್ದೇವೆಯೇ ಎಂದು ತಾವೇ ನೋಡಿಕೊಳ್ಳಬೇಕು.

ಕೊನೆಯದು ಬಿಲ್ಡ್ ಆದೇಶ. ಇದಕ್ಕೆ ರೂಟ್ ಅಧಿಕಾರ ಬೇಕು. ಪ್ಯಾಕೇಜ್‌ಗಳನ್ನು ಇಳಿಸಿಕೊಂಡು, ಜೋಡಿಸಿ, ಸಂಕುಚಿಸಿ ಐ.ಎಸ್.ಒ. ಕಡತ ಕೈಗೆ ಬರುವಷ್ಟರಲ್ಲಿ ನಿಧಾನವಾಗಿ ಊಟ ಮುಗಿಸಿ ಬರಬಹುದು. ಡೆಸ್ಕ್‌ಟಾಪ್ ಮತ್ತು ಆಟ ಎರಡೂ ಸೇರಿದರೆ 700 ಎಂ.ಬಿ.ಯ ಸಿ.ಡಿ. ಸಾಲದು, 4.7 ಜಿ.ಬಿ.ಯ ಡಿ.ವಿ.ಡಿ. ಅಥವಾ 8 ಜಿ.ಬಿ.ಯ ಪೆನ್ ಡ್ರೈವ್ ಇಟ್ಟುಕೊಳ್ಳುವುದು ಒಳಿತು. ವೇಗದ ದೃಷ್ಟಿಯಿಂದಲೂ ಪೆನ್ ಡ್ರೈವ್ ವಾಸಿ. ಡಿ.ವಿ.ಡಿ.ಯ ಮೇಲೆ ಲೇಸರ್ ಕಣ್ಣು ಅತ್ತಿಂದಿತ್ತ ಸರಿದಾಡುವಾಗಲೆಲ್ಲ ಆಟ ತಡವರಿಸುತ್ತದೆ.

ಎಚ್ಚರ ಬೇಕಾದ ಕಡೆ

ಇಡೀ ಕೆಲಸದಲ್ಲಿ ನಿಜವಾದ ಅಪಾಯವಿರುವುದು ಐ.ಎಸ್.ಒ. ಕಡತವನ್ನು ಪೆನ್ ಡ್ರೈವ್‌ಗೆ ಬರೆಯುವ ಹಂತದಲ್ಲಿ. ಲಿನಕ್ಸ್‌ನ ‘ಡಿಡಿ’ ಆದೇಶ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಪೆನ್ ಡ್ರೈವ್‌ನ ಬದಲು ಹಾರ್ಡ್ ಡಿಸ್ಕ್‌ನ ಹೆಸರು ಕೊಟ್ಟರೆ, ಯಾವ ಛಾಯಾಚಿತ್ರಗಳನ್ನು ಕಾಪಾಡಲು ಇಷ್ಟೆಲ್ಲ ಮಾಡಹೊರಟೆವೋ ಅವುಗಳ ಮೇಲೆಯೇ ಬರೆದುಬಿಡುತ್ತದೆ. ಸಾಧನಗಳ ಪಟ್ಟಿ ತೆಗೆದು, ಗಾತ್ರ ನೋಡಿ, ಪೆನ್ ಡ್ರೈವ್ ಕಿತ್ತು ಮತ್ತೆ ಸಿಕ್ಕಿಸಿ ಯಾವ ಹೆಸರು ಮಾಯವಾಗಿ ಮರಳಿತೆಂದು ಖಚಿತಪಡಿಸಿಕೊಂಡ ಮೇಲೆಯೇ ಎಂಟರ್ ಒತ್ತಬೇಕು. ಧೈರ್ಯ ಸಾಲದವರು ವಿಂಡೋಸ್‌ನಲ್ಲಿ ‘ರೂಫಸ್’ ತಂತ್ರಾಂಶ ಬಳಸಬಹುದು. ಪೆನ್ ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುವುದಂತೂ ಖಂಡಿತ.

ಬೂಟ್ ಮೆನುವಿಗೆ ಗಣಕದ ತಯಾರಕರನ್ನು ಅವಲಂಬಿಸಿ ಎಫ್ 12, ಎಫ್ 9 ಅಥವಾ ಎಸ್ಕೇಪ್ ಕೀಲಿ ಒತ್ತಬೇಕಾಗುತ್ತದೆ. ವಿಂಡೋಸ್‌ನ ಬಿಟ್‌ಲಾಕರ್ ಚಾಲ್ತಿಯಲ್ಲಿರುವ ಗಣಕದಲ್ಲಿ ಸೆಕ್ಯೂರ್ ಬೂಟ್‌ನಂತಹ ಸೆಟ್ಟಿಂಗ್‌ಗಳನ್ನು ಬದಲಿಸಿದರೆ, ಮುಂದಿನ ಬಾರಿ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಎಲ್ಲಿದೆಯೆಂದು ಗೊತ್ತಿಲ್ಲದೆ ಆ ಸೆಟ್ಟಿಂಗ್‌ಗಳಿಗೆ ಕೈ ಹಾಕಬಾರದು.

ಲೈವ್ ಡಿಸ್ಕ್ ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ ಎಂಬ ಮಾತಿಗೂ ಮಿತಿಯಿದೆ. ತಾನಾಗಿ ಮುಟ್ಟುವುದಿಲ್ಲ, ಅಷ್ಟೇ. ಕಡತ ವ್ಯವಸ್ಥಾಪಕದಲ್ಲಿ ವಿಂಡೋಸ್‌ನ ವಿಭಾಗ ಕಾಣಿಸುತ್ತದೆ, ಕ್ಲಿಕ್ಕಿಸಿದರೆ ತೆರೆದುಕೊಳ್ಳಲೂಬಹುದು. ಗಣಕದ ಗಡಿಯಾರದ ಕಥೆ ಇನ್ನೂ ತಮಾಷೆಯದು. ಲಿನಕ್ಸ್ ಅದನ್ನು ಗ್ರೀನಿಚ್ ಸಮಯವೆಂದೂ, ವಿಂಡೋಸ್ ಸ್ಥಳೀಯ ಸಮಯವೆಂದೂ ಭಾವಿಸುತ್ತವೆ. ಅಂತರ್ಜಾಲದಿಂದ ಸಮಯ ಸರಿಪಡಿಸಿಕೊಂಡ ಲೈವ್ ಡಿಸ್ಕ್‌ನಿಂದ ಹೊರಬಂದು ವಿಂಡೋಸ್ ತೆರೆದರೆ ಗಡಿಯಾರ ಐದೂವರೆ ಗಂಟೆ ಹಿಂದಿರಬಹುದು. ವಿಂಡೋಸ್‌ನಲ್ಲಿ ಸಮಯವನ್ನು ಮತ್ತೆ ಹೊಂದಿಸಿದರೆ ಸಾಕು. ಇಷ್ಟಕ್ಕೇ ವೈರಸ್ ಬಂತೆಂದು ಗಾಬರಿಯಾಗಬೇಕಿಲ್ಲ.

ಸರ್ವರ್‌ಗೆ ಹೊಂದಿಕೆ

ವೆಸ್ನಾತ್‌ನ ಅಧಿಕೃತ ಸರ್ವರ್‌ಗೆ ಹೆಸರು ನೋಂದಾಯಿಸದೆಯೂ ಪ್ರವೇಶವಿದೆ. ಸಂಪರ್ಕ ನಡೆಯುವುದು 15000ನೇ ಪೋರ್ಟ್ ಮೂಲಕ. ಕಾಲೇಜು, ಕಚೇರಿಗಳ ಫೈರ್‌ವಾಲ್ ಅದನ್ನು ಮುಚ್ಚಿದ್ದರೆ ಡಿಸ್ಕ್‌ನಲ್ಲಿ ದೋಷ ಹುಡುಕಿ ಪ್ರಯೋಜನವಿಲ್ಲ.

ಹೆಚ್ಚು ಮಂದಿ ಎಡವುವುದು ಆವೃತ್ತಿಯಲ್ಲಿ. ವೆಸ್ನಾತ್‌ನ ಸ್ಥಿರ ಆವೃತ್ತಿಗಳಿಗೆ ಸಮಸಂಖ್ಯೆ, 1.16ರ ಸರಣಿ 2021ರಲ್ಲಿ, 1.18ರ ಸರಣಿ 2024ರ ಮಾರ್ಚ್‌ನಲ್ಲಿ ಬಂದವು. ಒಂದು ಸರಣಿಯವರು ಇನ್ನೊಂದು ಸರಣಿಯವರೊಡನೆ ಆಡಲಾಗದು. ಡೆಬಿಯನ್ 12ರಿಂದ ಕಟ್ಟಿದ ಡಿಸ್ಕ್‌ನಲ್ಲಿ 1.16 ಇದ್ದರೆ, 13ರಿಂದ ಕಟ್ಟಿದ್ದರಲ್ಲಿ 1.18 ಇರುತ್ತದೆ. ಹಳೆಯ ಡಿಸ್ಕ್ ಹಿಡಿದವನಿಗೆ ಬೂಟ್ ಆಗುವ ಗಣಕವಿದೆ, ತೆರೆದುಕೊಳ್ಳುವ ಆಟವಿದೆ, ಎದುರಾಳಿಗಳು ಮಾತ್ರ ವಿರಳ. ಜೆಂಟೂ ಬಳಗದ ಸಿ.ಡಿ.ಗೆ ಬಂದದ್ದು ಇದರ ಕೊನೆಯ ಹಂತ. ‘ಅಮೆರಿಕಾಸ್ ಆರ್ಮಿ’ ಸರಣಿಯ ಸರ್ವರ್‌ಗಳನ್ನು ಸೇನೆ 2022ರ ಮೇ ತಿಂಗಳಲ್ಲಿ ಮುಚ್ಚಿತು. ಗೀರು ಬೀಳದ ಸಿ.ಡಿ. ಯಾರ ಬಳಿಯಾದರೂ ಇದ್ದರೆ ಅದು ತಲುಪಬೇಕಾದ ವಿಳಾಸವೇ ಇಂದು ಇಲ್ಲ.

ಇದಕ್ಕೆ ಅರ್ಧ ಪರಿಹಾರ ‘ಪರ್ಸಿಸ್ಟೆನ್ಸ್’. ಪೆನ್ ಡ್ರೈವ್‌ನ ಉಳಿದ ಜಾಗದಲ್ಲಿ ಲಿನಕ್ಸ್ ವಿಭಾಗವೊಂದನ್ನು ಮಾಡಿ, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಅದೇ ಹೆಸರಿನ ಲೇಬಲ್ ಕೊಟ್ಟು, ಏನನ್ನು ಉಳಿಸಬೇಕೆಂದು ತಿಳಿಸುವ ಒಂದು ಸಾಲಿನ ಕಡತವನ್ನು ಅದರಲ್ಲಿ ಇಡಬೇಕು. ಬೂಟ್ ಮೆನುವಿನಲ್ಲಿಯೂ ಆ ಪದವನ್ನು ಸೇರಿಸಿದರೆ ಮೇಲಿನ ಹಾಳೆ ರ‍್ಯಾಮ್‌ನ ಬದಲು ಪೆನ್ ಡ್ರೈವ್‌ನಲ್ಲಿ ಉಳಿಯುತ್ತದೆ. ಡಿ.ವಿ.ಡಿ.ಯಿಂದ ಬೂಟ್ ಮಾಡುವವರೂ ಉಳಿಕೆಗೆ ಬೇರೊಂದು ಪೆನ್ ಡ್ರೈವ್ ಸಿಕ್ಕಿಸಬಹುದು. ಬಳಕೆದಾರನ ಫೋಲ್ಡರ್ ಮಾತ್ರ ಉಳಿಸಿದರೆ ಅರ್ಧಕ್ಕೆ ಬಿಟ್ಟ ಆಟಗಳು ಸಿಗುತ್ತವೆ. ಇಡೀ ವ್ಯವಸ್ಥೆಯನ್ನು ಉಳಿಸಿದರೆ ಆಟವನ್ನೂ ನವೀಕರಿಸಬಹುದು. ಕರ್ನೆಲ್ ಮಾತ್ರ ಈ ಪದರದ ಹೊರಗಿರುವುದರಿಂದ ಹಳೆಯದೇ ಉಳಿಯುತ್ತದೆ. ವೈರಸ್‌ಗೂ ಕಳ್ಳನಿಗೂ ಈಗ ಬಾಗಿಲು ಒಂದಿಷ್ಟು ತೆರೆಯಿತೆಂಬುದನ್ನು ಮರೆಯಬಾರದು. ಪಾಸ್‌ವರ್ಡ್ ಉಳಿಸಿದ ಪೆನ್ ಡ್ರೈವ್ ಬಸ್ಸಿನಲ್ಲಿ ಬಿದ್ದುಹೋದರೆ ಪಾಸ್‌ವರ್ಡೂ ಹೋದಂತೆ.

ಆದ್ದರಿಂದ ಕಾನ್ಫಿಗ್ ಫೋಲ್ಡರನ್ನು ಜೋಪಾನವಾಗಿಟ್ಟುಕೊಂಡು, ಆಟದ ಹೊಸ ಸರಣಿ ಡೆಬಿಯನ್‌ಗೆ ಬಂದಾಗ ಡಿಸ್ಕನ್ನು ಮತ್ತೆ ಕಟ್ಟುವುದೇ ಲೇಸು. ಎರಡನೆಯ ಸಲ ಪಟ್ಟಿ ಬರೆಯುವ ಕೆಲಸವಿಲ್ಲ. ಡೆಬಿಯನ್ ಆವೃತ್ತಿಯ ಹೆಸರು ಬದಲಿಸಿ, ಹಿಂದಿನ ಕಟ್ಟಡದ ಅವಶೇಷಗಳನ್ನು ಕ್ಲೀನ್ ಆದೇಶದಿಂದ ಗುಡಿಸಿ, ಬಿಲ್ಡ್ ಆದೇಶ ಕೊಟ್ಟರೆ ಮುಗಿಯಿತು. ಹಳೆಯ ಡಿ.ವಿ.ಡಿ.ಯ ಮೇಲೆ ದಿನಾಂಕ ಮತ್ತು ಆಟದ ಆವೃತ್ತಿ ಬರೆದಿಟ್ಟಿದ್ದರೆ ಯಾವುದನ್ನು ಎಸೆಯಬೇಕೆಂದು ತಿಳಿಯುತ್ತದೆ.